ಹೋ ಅನ್ನದ ಓಣಿ

ಬನಹಟ್ಟ್ಯಾಗ ಕೇಬಲ್ ಎಲ್ಲಿ ಕಡದೈತಿ ಅಂತ
ನಾ ಮೀಟರ್ ಹಚ್ಚಿ ಹುಡುಕಿದವನಲ್ಲ,
ಕಿವಿ ಹಚ್ಚಿ ಹುಡುಕಿದವ.
ಮ್ಯಾಚಿದ್ದ ದಿನ ಚೌಕದ ಕಂಬ ಏರಿ ಸುಮ್ಮನ ಕುಂದರತಿದ್ದೆ.
ಒಂದು ಫೋರು ಹೋತಂದ್ರ
ಸೋಮವಾರಪೇಟಿ ಹೋ ಅಂತಿತ್ತು,
ಮಂಗಳವಾರಪೇಟಿ ಹೋ ಅಂತಿತ್ತು,
ಕಾಡಸಿದ್ಧೇಶ್ವರ ಗುಡಿ ಹಿಂದಿನ ಸಂದಿ ಸುದ್ದಾ.
ಯಾವ ಓಣಿ ಹೋ ಅನ್ನಲಿಲ್ಲೋ
ಅಲ್ಲೇ ಫಾಲ್ಟು.
ಇಕ್ಕಳ ಬಾಯಾಗ ಕಚಗೊಂಡು ಓಡತಿದ್ದೆ.

ಎರಡು ಓವರಿನ ನಡುವ ಜಾಹೀರಾತು,
ಅಷ್ಟ ನನ್ನ ವ್ಯಾಳ್ಯಾ.
ಹಲ್ಲಿಲೆ ಸಿಪ್ಪಿ ಸುಲದು, ಎಳಿಗೆ ಎಳಿ ಕೂಡಿಸಿ
ಟೇಪ್ ಸುತ್ತೂದ್ರೊಳಗ
ಕೆಳಗ ಇಪ್ಪತ್ತು ಮಂದಿ, ಇಪ್ಪತ್ತು ಥರದ ಬೈಗುಳ.
ಕಂಡಿಕಿ ಸುತ್ತೋ ನೀಲವ್ವ ಒಬ್ಬಾಕಿ
ನೀರಿನ ತಂಬಗಿ ಹಿಡದು ನಿಂತಿರತಿದ್ದಳು:
"ಇಳದು ಕುಡಿಯೋ ಚನಮಲ್ಲ,
ಅವರು ಔಟಾದ್ರ ಆಗಲಿ ಬಿಡು."

ಕಡೀ ಓವರಿಗೆ ಮಗ್ಗ ನಿಂದರತಿದ್ದವು.
ನಿಂದರಸ್ರಿ ಅಂತ ಯಾರೂ ಅಂದಿದ್ದಿಲ್ಲ.
ಒಂದ ಬಂದಾತು, ಬಾಜೂಕಿಂದು ಬಂದಾತು,
ಹಗಲೂ ರಾತ್ರಿ ಖಟಖಟ ಅನ್ನೋ ಊರು
ಹಂಗ ಉಸರು ಹಿಡದದ್ದು
ಆಮ್ಯಾಲ ನಾ ಎಂದೂ ಕೇಳಿಲ್ಲ.
ಮಾಲಕ ಭದ್ರನವರ, ಎಷ್ಟು ಸೀರಿ ಕಮ್ಮಿ ಬಿದ್ವು ಅಂತ
ಬೆರಳ ಮಡಚಿ ಲೆಕ್ಕಾ ಹಾಕತಿದ್ದ,
ತಾನೂ ಅಲ್ಲೇ ತುದಿಗಾಲ ಮ್ಯಾಲ ನಿಂತು ನೋಡಕೋತ.

ಮುಂದ ಡಬ್ಬಿ ಬಂತು, ಡಬ್ಬಿಗೊಂದು ಕಾರ್ಡು.
ನೂರೈವತ್ತಕ್ಕ ಎಲ್ಲಾ ಬರೂ ಕಾಲ ಮುಗದು
ಆಟಕ್ಕೊಂದು ಚಾನೆಲ್ಲು, ಚಾನೆಲ್ಲಿಗೊಂದು ರೊಕ್ಕ.
ಕುಸ್ತಿ ಒಂದ್ರಾಗ, ಕಬಡ್ಡಿ ಇನ್ನೊಂದ್ರಾಗ,
ಕ್ರಿಕೆಟ್ಟು ಈ ವರ್ಷ ಯಾರ ಮನಿ ಅಳಿಯನೋ,
ಅದನ್ನ ಮಾತ್ರ ಕೇಳಬ್ಯಾಡ್ರಿ.
ಮಂದಿ ನನ್ನ ಕೊಳ್ಳಪಟ್ಟಿ ಹಿಡದ್ರು.
ಮುಂಬೈದಾಗ ಯಾರೋ ಬರದ ರೇಟಿಗೆ
ಬನಹಟ್ಟ್ಯಾಗ ನನ್ನ ಅಂಗಿ ಗುಂಡಿ ಹರೀತಿದ್ದವು.

ಬಿಲ್ ಬುಕ್ಕಿನ್ಯಾಗ ಒಂಬೈನೂರಾ ನಲವತ್ತು ಮನಿ.
ಒಂದು ದೀಪಾವಳಿಗೆ ಆರನೂರು.
ಮುಂದಿನ ಹಬ್ಬಕ್ಕ ಎಣಿಸಾಕ ಹೋಗಲಿಲ್ಲ.
"ಬ್ಯಾಡೋ ತಮ್ಮಾ, ಹುಡುಗೂರು ಮೊಬೈಲದಾಗ ನೋಡತಾವ" ಅಂತ
ಚಾ ಕೊಟ್ಟು ಹೇಳಿದವರ ಮ್ಯಾಲ
ಸಿಟ್ಟರ ಹ್ಯಾಂಗ ಮಾಡ್ಲಿ?
ಬಿಚ್ಚಿದ ಕೇಬಲ್ ನೀಲವ್ವಗ ಅರಿವಿ ಹಾಕೋ ಹಗ್ಗಾತು.
ಗಟ್ಟಿ ಐತಿ, ಅಂದಳು.
ಗಟ್ಟಿ ಇತ್ತು ಮತ್ತ.

ಮೊನ್ನೆ ಫೈನಲ್.
ಹಳೇ ವಾಯರ್ ತಗೀರಿ ಅಂತ ಕರೆಂಟಿನವರು ಹೇಳಿದ್ರು,
ತಗ್ಯಾಕಂತ ಕಂಬದ ಮ್ಯಾಲಿದ್ದೆ.
ಸೋಮವಾರಪೇಟ್ಯಾಗ ಒಂದು ಮನಿ ಹೋ ಅಂತು.
ಹನ್ನೊಂದು ಎಣಿಸಿದೆ,
ಅದರ ಮಗ್ಗಲಿನ ಮನಿ ಹೋ ಅಂತು.
ಇನ್ನೂ ಎಷ್ಟೋ ಹೊತ್ತಿಗೆ ಗುಡಿ ಹಿಂದ ಒಂದು ಹುಡುಗ
ಹಳೇದಾದ ಸಿಕ್ಸಿಗೆ
ಒಬ್ಬನ ಕುಣದ.
ಒಂದ ಚೆಂಡು, ಮನಿಗೊಂದು ವ್ಯಾಳ್ಯಾಕ್ಕ
ಗೆರಿ ದಾಟತಿತ್ತು.
ಇದು ನನ್ನ ಇಕ್ಕಳಕ್ಕ ನಿಲುಕೂ ಫಾಲ್ಟಲ್ಲ.
ಮಗ್ಗಂತೂ ಒಂದೂ ನಿಂದರಲಿಲ್ಲ.

ಇನ್ನ ಆಟದ ಪ್ಯಾಕೇಜು ಬಿಡದವ ಅಂದ್ರ
ಕಟಿಂಗ್ ಅಂಗಡಿ ರಾಚಪ್ಪ.
ಒಂದನೇ ತಾರೀಖಿಗೆ ರೊಕ್ಕ ಎಣಿಸಿ
ಪೌಡರ್ ಡಬ್ಬಿ ಬುಡಕ ಇಟ್ಟಿರತಾನ.
ಯಾಕೋ ಮಾರಾಯಾ, ಅಂತ ಕೇಳಿದೆ.
ಗಿರಾಕಿ ಗದ್ದಕ್ಕ ಬುರುಗು ಹಚಗೋತ ಅಂದ:
"ಮೊಬೈಲ್ ನೋಡಾವ ತಲಿ ಬಗ್ಗಸತಾನ,
ಟಿವಿ ನೋಡಾವ ಗದ್ದಾ ಎತ್ತತಾನ.
ನನಗ ಕುತಿಗಿ ಬೇಕಲ್ಲೋ."

ಅವನ ಅಂಗಡಿ ಮಟ ಹೋಗೂದೊಂದು ಬಿಟ್ಟು
ಉಳದದ್ದೆಲ್ಲಾ ಸುತ್ತಿ ಇಟ್ಟೀನಿ.
ಇವತ್ತು ನಾನೂ ಆ ಕುರ್ಚ್ಯಾಗ ಕುಂತಿದ್ದೆ.
ಯಾವಾಗಿಂದೋ ಹಳೇ ಮ್ಯಾಚ್ ಮತ್ತ ಹಾಕಿದ್ರು,
ಯಾರು ಗೆದ್ರು ಅಂತ ಗೊತ್ತಿದ್ದದ್ದ.
ಗದ್ದಾ ಎತ್ತಿದೆ.